ಒದ್ದೆ ಟವೆಲ್ ಮತ್ತು ಒಂದು ಹೂಂ

ಊರಿನಲ್ಲಿ ಯಾರಿಗೂ ಕಿವಿ ಸರಿಯಿಲ್ಲ ಎಂಬುದು ಕಿವಿ ಸಾಹೇಬರ ಬಹುದಿನದ ಕೊರಗು. ಪೂರ್ತಿ ಕೊರಗು ಎನ್ನುವಂತೆಯೂ ಇಲ್ಲ; ಎಲ್ಲರ ಕಿವಿಯೂ ನೆಟ್ಟಗಿದ್ದಿದ್ದರೆ ಅವರ ಅಂಗಡಿಗೆ ಎಂದೋ ಬೀಗ ಬೀಳುತ್ತಿತ್ತು. ಔಷಧದಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಸಿಗುವ ಶ್ರವಣಯಂತ್ರದ ಅಂಗಡಿ ಅವರದು. ಗಾಜಿನ ಬಾಗಿಲಿನ ಪುಟ್ಟ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಸಿಕ್ಕಿಸಿ, "ಕುಂಯ್ ಅಂತ ಕೇಳಿಸಿದ ತಕ್ಷಣ ಬಟನ್ ಒತ್ತಿ" ಎನ್ನುವುದು ಕಸುಬು. ವಯಸ್ಸಾದ ಯಾವುದಾದರೂ ಹೆಂಗಸು ಗಂಡನನ್ನು ಎಳೆದುಕೊಂಡು ಬಂದು, "ನಾನೇನು ಹೇಳಿದ್ರೂ ಇವರಿಗೆ ಕೇಳಿಸಲ್ಲ" ಎಂದು ದೂರಿದರೆ, ಸಾಹೇಬರು ಪರೀಕ್ಷೆ ಮುಗಿಸಿ ಬಹು ಗಂಭೀರವಾಗಿ, "ಅಮ್ಮಾ, ಕಿವಿಯಲ್ಲಿ ದೋಷವಿಲ್ಲ. ಇವರ ಕಾಯಿಲೆಗೆ ನಮ್ಮಲ್ಲಿ ಯಂತ್ರವಿಲ್ಲ" ಎನ್ನುತ್ತಿದ್ದರು. ಈ ಹಾಸ್ಯಕ್ಕೆ ಪ್ರತಿ ಸಲವೂ ಮೊದಲು ನಗುತ್ತಿದ್ದವರು ಅವರೇ. ಎಷ್ಟೋ ಸಲ ಕೊನೆಗೆ ನಗುತ್ತಿದ್ದವರೂ ಅವರೇ.

(ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಅಂಗಡಿಯ ಬೋರ್ಡಿನ ಮೇಲೆ ಆಳೆತ್ತರದ ಕಿವಿ ಬರೆಸಿದ ಮೇಲೆ ಆ ಹೆಸರು ತೆರಿಗೆ ಇಲಾಖೆಗೆ ಮಾತ್ರ ನೆನಪಿದೆ.)

ಸಾಹೇಬರ ಹೆಂಡತಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಅವರು ಮೈದಾನದ ಈ ತುದಿಯಲ್ಲಿ ನಿಂತು "ಏಯ್!" ಎಂದರೆ, ಆ ತುದಿಯಲ್ಲಿ ಚ್ಯೂಯಿಂಗ್ ಗಮ್ ಜಗಿಯುತ್ತಿದ್ದವನು ಅದನ್ನು ನುಂಗಿಬಿಡುತ್ತಿದ್ದ. ಇಡೀ ಸ್ಕೂಲು ಕೇಳುವ ಆ ಕಂಠವನ್ನು ಕೇಳಿಸಿಕೊಳ್ಳದ ಗಟ್ಟಿ ಜೀವ ಪ್ರಪಂಚದಲ್ಲಿ ಒಂದೇ ಒಂದಿತ್ತು, ಅದನ್ನು ಅವರು ಮದುವೆಯಾಗಿದ್ದರು.

"ರೀ, ವಾಷಿಂಗ್ ಮಷೀನಿನ ಕಾಲು ಮುರಿದು ಎಷ್ಟು ಕಾಲ ಆಯ್ತು? ಹಿಂಡೋಕೆ ಶುರುಮಾಡಿದ್ರೆ ಮನೆಯೆಲ್ಲ ಕುಣಿಯತ್ತೆ. ರಿಪೇರಿಯವನಿಗೆ ಹೇಳಿದ್ರಾ?"

"ಹೂಂ."

"ಯಾವಾಗ ಬರ್ತಾನಂತೆ?"

"ಹೂಂ."

"ಇವತ್ತೂ ಒದ್ದೆ ಟವೆಲ್ ಮಂಚದ ಮೇಲೆ! ಹಿತ್ತಲಲ್ಲಿ ಅಷ್ಟುದ್ದ ದಾರ ಕಟ್ಟಿದ್ದೀನಲ್ಲ, ಕಾಣಲ್ವಾ?"

"ಹೂಂ."

"ನಾನೀಗ ಕಿಟಕಿಯಿಂದ ಹಾರಿಬಿಡ್ತೀನಿ."

"ಹೂಂ."

(ಮನೆಯಿದ್ದದ್ದು ನೆಲಮಹಡಿಯಲ್ಲಿ, ನಿಜ. ಆದರೂ ಗಂಡ ಎನಿಸಿಕೊಂಡವನು ಒಮ್ಮೆ ತಲೆಯೆತ್ತಿ ನೋಡಬಹುದಿತ್ತು.)

ಈ ಹೂಂಕಾರದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಒಪ್ಪಿಗೆಯಲ್ಲ, ಪ್ರಶ್ನೆಯಲ್ಲ, ಉತ್ತರವಂತೂ ಅಲ್ಲವೇ ಅಲ್ಲ. ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ಕೊಂಚ ವಿಶ್ರಮಿಸಿ, ಕೊನೆಯಲ್ಲಿ ತುಸು ಮೇಲೆದ್ದಂತೆ ಮಾಡಿ ಮತ್ತೆ ಕುಸಿದು ಮಲಗಿಬಿಡುವ ಹೂಂ ಅದು. ಅದರೊಳಗೆ ಏನೂ ಇರುತ್ತಿರಲಿಲ್ಲ. ಟೀಚರು ಮದುವೆಯಾದ ಹೊಸದರಲ್ಲಿ ಅದರಲ್ಲಿ ಪ್ರೀತಿ ಹುಡುಕಿದರು, ಆಮೇಲೆ ಅರ್ಥ ಹುಡುಕಿದರು, ಈಗೀಗ ಹುಡುಕುವುದನ್ನೇ ಬಿಟ್ಟಿದ್ದರು. ಅದರಿಂದ ಅವರಿಗೆ ಆಗುತ್ತಿದ್ದ ಬೇಸರವನ್ನು ಹೇಳಿಕೊಳ್ಳೋಣವೆಂದರೆ, ಅದಕ್ಕೂ ಸಿಗುತ್ತಿದ್ದುದು ಅದೇ ಹೂಂ.

ಹಾಗಾದರೆ ಸಾಹೇಬರ ಕಿವಿ ಇರುತ್ತಿದ್ದುದೆಲ್ಲಿ? ಹೆಡ್‌ಫೋನಿನೊಳಗೆ. ಹರೆಯದಲ್ಲಿ ಅವರಿಗೆ ಹಿಪ್-ಹಾಪ್ ಹಾಡು-ಕುಣಿತದ ಹುಚ್ಚು ಹತ್ತಿತ್ತು. ತಲೆಯ ಮೇಲೆ ನಿಂತು ಬುಗುರಿಯಾಗಲು ಹೋಗಿ ಕತ್ತು ಉಳುಕಿಸಿಕೊಂಡು, ಇಂದಿಗೂ ಎಡಕ್ಕೆ ಏನಾದರೂ ನೋಡಬೇಕೆಂದರೆ ಮೈಯನ್ನೇ ತಿರುಗಿಸಬೇಕಿತ್ತು. ಕತ್ತು ಹೋದರೂ ಹುಚ್ಚು ಹೋಗಲಿಲ್ಲ. ಅದೂ ಎಂಥ ಹುಚ್ಚು? ಹಳೇ ಕಾಲದ್ದೇ ಆಗಬೇಕು, ಕ್ಯಾಸೆಟ್ಟೇ ಆಗಬೇಕು, ಯಾರೂ ಕೇಳಿರಬಾರದು. ಎರಡನೆಯವನೊಬ್ಬ ಕೇಳಿದನೆಂದರೆ ಆ ಹಾಡು ಸಾಹೇಬರ ಪಾಲಿಗೆ ಕೆಟ್ಟುಹೋಯಿತು.

"ಇದು ಅಂಡರ್‌ಗ್ರೌಂಡ್ ಸಂಗೀತ ಕಣೇ," ಎಂದು ಒಮ್ಮೆ ಹೆಂಡತಿಗೆ ವಿವರಿಸಿದ್ದರು.

"ಅಂಡರ್‌ಗ್ರೌಂಡಲ್ಲಿ ನಮ್ಮ ನೀರಿನ ತೊಟ್ಟಿನೂ ಇದೆ. ಅದನ್ನೂ ತೊಳೆದು ವರ್ಷ ಆಯ್ತು," ಎಂದಿದ್ದರು ಟೀಚರು.

"ಹೂಂ."

ಟೀಚರಿಗೊಬ್ಬ ತಮ್ಮನಿದ್ದ. ಸ್ಪೀಕರ್ ರಿಪೇರಿ ಅವನ ಉದ್ಯೋಗ. ಅವನಿಗೆ ಸಂಗೀತದ ಗಂಧಗಾಳಿಯಿಲ್ಲ ಎಂದು ಸಾಹೇಬರು ಎಂದೋ ತೀರ್ಪು ಕೊಟ್ಟಾಗಿತ್ತು. ಅವನು ಭಾನುವಾರಗಳಂದು ಬಂದು, "ಅಕ್ಕ, ನಿನ್ನ ಮಷೀನ್ ಸದ್ದು ಸ್ವಲ್ಪ ನೋಡ್ತೀನಿ" ಎಂದು ಒಂದಿಷ್ಟು ವೈರು ಹೆಗಲಿಗೆ ಹಾಕಿಕೊಂಡು ಹಿತ್ತಲ ಕೋಣೆ ಸೇರುತ್ತಿದ್ದ; ಹೋಗುವಾಗ ಒಂದು ವೈರಿನ ತುದಿಯನ್ನು ಸಾಹೇಬರ ಕುರ್ಚಿಯ ಕೆಳಗೆ ಬಿಟ್ಟಿರುತ್ತಿದ್ದ. ಗಂಟೆಗಟ್ಟಲೆ ಒಳಗಿನಿಂದ ಮಷೀನಿನ ದಡಬಡ, ಅಕ್ಕನ ಜೋರು ದನಿ, ನಡುನಡುವೆ ಇಬ್ಬರ ನಗು. ಸಾಹೇಬರಿಗೆ ಇದ್ಯಾವುದೂ ವಿಚಿತ್ರವೆನಿಸಲಿಲ್ಲ, ಏಕೆಂದರೆ ಇದ್ಯಾವುದೂ ಕೇಳಿಸಲಿಲ್ಲ.

ಹೀಗಿರುವಾಗ ಒಂದು ದಿನ ಭಾವಮೈದುನ ಕ್ಯಾಸೆಟ್ಟೊಂದನ್ನು ತಂದು ಅವರ ಮುಂದೆ ಹಿಡಿದ. ಮೇಲೆ ಪೆನ್ನಿನಲ್ಲಿ 'ಒದ್ದೆ ಟವೆಲ್' ಎಂದು ಗೀಚಿತ್ತು. ಹಾಡಿದವರ ಹೆಸರಿಲ್ಲ, ಊರಿಲ್ಲ.

"ಭಾವ, ಯಾರೋ ಅಂಗಡೀಲಿ ಕೊಟ್ಟುಹೋದ್ರು. ಕೆಲವೇ ಕೆಲವು ಕ್ಯಾಸೆಟ್ ಮಾಡಿದ್ದಾರಂತೆ. ನಮ್ಮಂಥವರಿಗೆ ಇದೆಲ್ಲ ಎಲ್ಲಿ ತಿಳಿಯತ್ತೆ, ನೀವೇ ಹೇಳಬೇಕು."

"ನಿನಗೆ ತಿಳಿಯಲ್ಲ ಅಂತ ನಿನಗೇ ತಿಳೀತಲ್ಲ, ಅದೇ ಸಂತೋಷ," ಎಂದು ಸಾಹೇಬರು ಉದಾರವಾಗಿ ಸ್ವೀಕರಿಸಿದರು.

ಕೇಳತೊಡಗಿದರು. ಕೇಳಿದವರು ಕೇಳಿಯೇ ಕೇಳಿದರು. ಈಗಿನ ಹಾಡುಗಳೆಲ್ಲ ಸೋಪು ಹಾಕಿ ತೊಳೆದು ಇಸ್ತ್ರಿ ಮಾಡಿದ ಹಾಗೆ ನುಣ್ಣಗಿರುತ್ತವೆ, ಇದರಲ್ಲಿ ಕೊಳೆಯಿತ್ತು! ಮೊದಲು ಟೇಪಿನ ಸುಯ್ ಎನ್ನುವ ಸದ್ದು. ಆಮೇಲೆ ಎದೆಗೇ ಒದೆಯುವ ಬೀಟು: ದಡ್ ದಡ್-ಟಕ್, ದಡ್ ದಡ್-ಟಕ್. ಅದರ ಮೇಲೆ, ಬೇಕೆಂದೇ ತಗ್ಗಿಸಿದ ಹೆಣ್ಣುದನಿಯೊಂದು ರಾಗವಿಲ್ಲದೆ, ಅಲಂಕಾರವಿಲ್ಲದೆ, ನೇರವಾಗಿ ಮುಖಕ್ಕೆ ಹೊಡೆಯುವಂತೆ ಮಾತಿನ ಮಳೆ ಸುರಿಸುತ್ತಿತ್ತು. ಪ್ರತಿ ಸಾಲಿಗೂ ಮುಂಚೆ ಗ್ರಾಮಫೋನ್ ತಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿದಂಥ 'ರೀ-ರೀ-ರೀ' ಎಂಬ ಸದ್ದು, ಪ್ರತಿ ಸಾಲಿನ ಕೊನೆಗೂ ಒಬ್ಬ ಗಂಡಸಿನ ಹೂಂ.

ಬಾಗ್ಲು ಕಿರ್ ಅಂತು – ಹೂಂ
ನಲ್ಲಿ ತೊಟ್ ಅಂತು – ಹೂಂ
ಹಾಲು ಉಕ್ ಅಂತು, ನಾನು ಸಾಕ್ ಅಂದೆ – ಹೂಂ
ಮಂಚದ ಮೇಲೆ ಒದ್ದೆ ಟವೆಲು
ನಿನ್ನೇದು ಒಣಗಿಲ್ಲ, ಇವತ್ತಿಂದು ಹೊಸದು
ಹೇಳಿದ್ದು ಕೇಳಿಸ್ತಾ? – ಹೂಂ
ಏನ್ ಹೇಳ್ದೆ, ಹೇಳಿ ನೋಡೋಣ? – ಹೂಂ

ಸಾಹೇಬರ ಕಣ್ಣು ತುಂಬಿ ಬಂತು. ಕೈಯಲ್ಲಿದ್ದ ಟವೆಲಿನಿಂದ ಕಣ್ಣೊರೆಸಿಕೊಂಡು, ಅದನ್ನು ಮಂಚದ ಮೇಲೆ ಎಸೆದು, ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಹಾಕಿದರು.

ಸಂತೋಷ ತಡೆಯಲಾಗದೆ ಹೆಂಡತಿಯನ್ನೂ ಕರೆದರು. "ನೋಡೇ, ಇಲ್ಲಿ ಕೇಳು. ಹೆಣ್ಣಿನ ದನಿ ಅಂದ್ರೆ ಇದು! ಒಂದೊಂದು ಅಕ್ಷರ ಹೇಗೆ ಕಿವಿಗೆ ಬಂದು ನಾಟತ್ತೆ!"

"ಹೌದಾ? ಅಷ್ಟು ಚೆನ್ನಾಗಿ ಕೇಳಿಸತ್ತಾ?"

"ಸ್ಫಟಿಕದ ಹಾಗೆ."

"ಏನಂತಾಳೆ?"

"ಮಂಚದ ಮೇಲೆ ಟವೆಲ್ ಹಾಕಬೇಡ ಅಂತಾಳೆ. ಬಿಡು, ನಿನಗೆ ಅರ್ಥ ಆಗಲ್ಲ. ಅದು ಬರೀ ಟವೆಲ್ ಅಲ್ಲ."

ಟೀಚರು ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಲಿಗೆ ಹೋದರು. ಅವರ ಭುಜಗಳು ಅಲುಗುತ್ತಿದ್ದುದನ್ನು ಕಂಡು, ಪಾಪ, ಇವಳಿಗೂ ಕಲೆ ತಟ್ಟಿತು ಎಂದುಕೊಂಡರು ಸಾಹೇಬರು.

ಸಾಹೇಬರ ಅಧ್ಯಕ್ಷತೆಯಲ್ಲಿ 'ಭೂಗತ ಹಿಪ್-ಹಾಪ್ ರಸಿಕ ಮಂಡಳಿ' ಎಂಬ ಮಹಾಸಂಸ್ಥೆಯೊಂದಿತ್ತು. ಅಧ್ಯಕ್ಷರನ್ನು ಬಿಟ್ಟರೆ ಸದಸ್ಯರು ಮೂವರು: ಹಲ್ಲಿನ ಡಾಕ್ಟರು, ಲೈಬ್ರರಿ ಮೇಡಂ ಮತ್ತು ಲಿಫ್ಟ್ ರಿಪೇರಿಯಾತ. ಡಾಕ್ಟರ ಕ್ಲಿನಿಕ್ಕು ಮುಚ್ಚಿದ ಮೇಲೆ ಅಲ್ಲಿನ ಬೆಂಚುಗಳ ಮೇಲೆ ಸಭೆ. ಗೋಡೆಯ ಚಿತ್ರಪಟದ ಹಲ್ಲುಗಳು ನೋಡುತ್ತಿದ್ದ ಹಾಗೆ ಸಾಹೇಬರು ಕ್ಯಾಸೆಟ್ ಕೇಳಿಸಿ ಭಾಷ್ಯ ಆರಂಭಿಸಿದರು.

"ಮಂಚ ಅಂದರೆ ಏನು? ಅಧಿಕಾರ. ಟವೆಲ್ ಅಂದರೆ? ಜನಸಾಮಾನ್ಯ. ಒದ್ದೆ ಅಂದರೆ ಅವನ ಬೆವರು. ಇಡೀ ಇತಿಹಾಸವೇ ಒಂದು ಟವೆಲಿನಲ್ಲಿದೆ!"

"ಹಾಲು ಉಕ್ಕೋದು?" ಎಂದು ಕೇಳಿದರು ಡಾಕ್ಟರು.

"ಕ್ರಾಂತಿ."

"ನಲ್ಲಿ ತೊಟ್ಟಿಕ್ಕೋದು?"

"ಅದು ಕ್ರಾಂತಿಗೆ ಮುಂಚಿನದು."

"ಬೀಟು ಚೆನ್ನಾಗಿದೆ," ಎಂದ ಲಿಫ್ಟ್ ರಿಪೇರಿಯಾತ. "ಆದರೆ ಯಾವುದೋ ಬೋಲ್ಟು ಸಡಿಲ ಇದ್ದ ಹಾಗಿದೆ. ಬಿಗಿ ಮಾಡಬಹುದಿತ್ತು."

ಸಾಹೇಬರು ಮೈಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಅವನನ್ನು ದುರುಗುಟ್ಟಿ ನೋಡಿದರು. "ಆ ಸಡಿಲದಲ್ಲೇ ಕಲೆ ಇರೋದಯ್ಯ! ಈ ಸದ್ದನ್ನ ರಿಪೇರಿ ಮಾಡೋನು ಯಾವನಾದ್ರೂ ಇದ್ದರೆ ಅವನ ಕೈ ಕತ್ತರಿಸಬೇಕು!"

ಆತ ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡ.

"ಇನ್ನು ಈ ಹೂಂ," ಎಂದು ಸಾಹೇಬರು ದನಿ ತಗ್ಗಿಸಿದರು, "ಇದನ್ನು ಹೇಳಿದವನು ಮಹಾನ್ ಕಲಾವಿದ. ಕೇಳಿಯೂ ಕೇಳದ, ಇದ್ದೂ ಇಲ್ಲದ, ಎಂಥ ಖಾಲಿ ಹೂಂ! ಇಂಥದ್ದೊಂದು ಹೂಂ ಬರಬೇಕಾದರೆ ವರ್ಷಗಳ ಸಾಧನೆ ಬೇಕು."

ಆ ಮಾತಿನ ಮಟ್ಟಿಗೆ ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಲೈಬ್ರರಿ ಮೇಡಂ, "ಇಷ್ಟೆಲ್ಲ ಕಿವಿ ಇರೋರು ಇದು ಯಾರ ದನಿ ಅಂತ ಹೇಳಿಬಿಡಿ ನೋಡೋಣ" ಎಂದು ಕೆಣಕಿದರು. ಸಾಹೇಬರ ಪೌರುಷ ಕೆರಳಿತು. "ಭಾನುವಾರ ಎಲ್ಲರೂ ನಮ್ಮ ಮನೆಗೆ ಬನ್ನಿ. ಯಾರು, ಎಲ್ಲಿಯವರು, ಬೀಟು ಯಾವ ಯಂತ್ರದ್ದು, ಕೇಳಿಯೇ ಹೇಳ್ತೀನಿ. ತಪ್ಪಾದರೆ ಅಂಗಡಿ ಬೋರ್ಡಿನ ಮೇಲಿರೋ ಕಿವಿ ಅಳಿಸಿಬಿಡ್ತೀನಿ!" ಎಂದು ಘೋಷಿಸಿದರು. ಆ ಕಿವಿ ಹೋದರೆ ಊರಿನಲ್ಲಿ ಅವರಿಗೆ ಬೇರೆ ಗುರುತೇ ಇರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಆಜ್ಞೆ ಹೊರಡಿಸಿದರು. "ಭಾನುವಾರ ದೊಡ್ಡ ಕಾರ್ಯಕ್ರಮ. ಸದ್ದಾಗಕೂಡದು." ಆಮೇಲೆ ಹೆಡ್‌ಫೋನ್ ಏರಿಸಿಕೊಂಡರು.

"ಸೋಮವಾರ ನಮ್ಮ ಹುಡುಗೀರ ಫುಟ್‌ಬಾಲ್ ಮ್ಯಾಚಿದೆ ರೀ. ಜರ್ಸಿಗಳಿಗೆಲ್ಲ ಕೆಸರು. ಭಾನುವಾರ ಒಗೀದೆ ಇದ್ರೆ ಆಗಲ್ಲ."

"ಹೂಂ."

"ಹಾಗಾದ್ರೆ ಮಷೀನ್ ಹಾಕ್ಲಾ? ಆಮೇಲೆ ರೇಗಬಾರದು."

"ಹೂಂ."

"ನೀವೇ ಒಪ್ಪಿದ್ದೀರಿ, ನೆನಪಿರಲಿ."

"ಹೂಂ."

ಭಾನುವಾರ ಬಂತು. ಭಾವಮೈದುನ ತನ್ನ ಅಂಗಡಿಯಿಂದ ಎರಡು ದೊಡ್ಡ ಸ್ಪೀಕರು ತಂದು, ನಡುಮನೆಯಲ್ಲಿ ಜೋಡಿಸಿ, ತಾನೂ ಒಂದು ಮೂಲೆಯಲ್ಲಿ ವಿಧೇಯನಾಗಿ ಕೂತ. ಮಂಡಳಿಗೆ ಚಹ ಬಿಸ್ಕತ್ತು ಬಂತು. ಸಾಹೇಬರು ಎದ್ದು ನಿಂತು ಗಂಟಲು ಸರಿಪಡಿಸಿಕೊಂಡರು.

"ಈ ಕಲಾವಿದೆ ರೈಲ್ವೆ ಯಾರ್ಡಿನ ಪಕ್ಕ ಬೆಳೆದವಳು. ಉಸಿರು ಹಿಡಿಯೋ ರೀತಿಯಲ್ಲೇ ಗೊತ್ತಾಗತ್ತೆ. ಬೀಟು ಹಳೇ ಪ್ರಿಂಟಿಂಗ್ ಪ್ರೆಸ್ಸಿನದು, ಸಂಶಯವೇ ಬೇಡ. ಮತ್ತೆ, ಈಕೆಗೆ ಮದುವೆ ಆಗಿಲ್ಲ."

"ಅದು ಹೇಗೆ ಗೊತ್ತು?" ಎಂದರು ಮೇಡಂ.

"ಇಷ್ಟು ಚೆನ್ನಾಗಿ ಮಾತಾಡೋ ಹೆಂಗಸು ಒಬ್ಬನ ಮನೇಲಿ ಇದ್ದಿದ್ದರೆ ಅವನು ಪುಣ್ಯವಂತ. ಹಗಲೂ ರಾತ್ರಿ ಅವಳ ಎದುರು ಕೂತು ಕೇಳ್ತಿದ್ದ. ಹೀಗೆ ಕ್ಯಾಸೆಟ್ಟಿನಲ್ಲಿ ಕೂಗಿಕೊಳ್ಳೋ ಗತಿ ಅವಳಿಗೆ ಬರ್ತಿರಲಿಲ್ಲ."

ಮೂಲೆಯಲ್ಲಿದ್ದ ಭಾವಮೈದುನನಿಗೆ ಚಹ ನೆತ್ತಿಗೇರಿತು. ಸಾಹೇಬರು ಅವನನ್ನು ಕ್ಷಮಿಸಿ ಕ್ಯಾಸೆಟ್ ಹಾಕಿದರು. ದಡ್ ದಡ್-ಟಕ್. ಡಾಕ್ಟರು ಕಣ್ಣು ಮುಚ್ಚಿದರು, ಮೇಡಂ ತಲೆದೂಗಿದರು. 'ಮಂಚದ ಮೇಲೆ ಒದ್ದೆ ಟವೆಲು' ಬಂತು. 'ಹೇಳಿದ್ದು ಕೇಳಿಸ್ತಾ?' ಬಂತು. ಎಲ್ಲರೂ ಆ ಅಮರ ಹೂಂಗಾಗಿ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಕರ್ರ್ ಎಂದು ಕ್ಯಾಸೆಟ್ ಡೆಕ್ಕು ಟೇಪನ್ನು ನುಂಗತೊಡಗಿತು.

ಸಾಹೇಬರು ಹೌಹಾರಿ ಡೆಕ್ಕಿನ ಬಾಯಿಗೆ ಕೈ ಹಾಕಿ ಟೇಪನ್ನು ಎಳೆಯತೊಡಗಿದರು. ಎಳೆದಷ್ಟೂ ಬಂತು, ಮುಂಗೈಗೆಲ್ಲ ಸುತ್ತಿಕೊಂಡಿತು. ನಡುಮನೆಯಲ್ಲಿ ಗಾಢ ಮೌನ. ಆ ಮೌನದೊಳಗೆ ಎಲ್ಲಿಂದಲೋ ಕೇಳಿಸಿತು: ದಡ್ ದಡ್-ಟಕ್. ದಡ್ ದಡ್-ಟಕ್.

"ಟೇಪ್ ನಿಂತಿದೆಯಲ್ಲ?" ಎಂದರು ಡಾಕ್ಟರು, ಕಣ್ಣು ತೆರೆದು.

ಹಿತ್ತಲಿನಿಂದ ದನಿಯೊಂದು ಬೀಟಿನ ನೆತ್ತಿಯ ಮೇಲೇ ಬಂದು ಕೂತಿತು. "ರೀ! ಜರ್ಸಿ ಜೊತೆ ನಿಮ್ಮ ಟವೆಲೂ ಹಾಕಿದ್ದೀನಿ! ಇವತ್ತೂ ಮಂಚದ ಮೇಲೇ ಇತ್ತು! ಹೇಳಿದ್ದು ಕೇಳಿಸ್ತಾ?"

ಸಾಹೇಬರು ಟೇಪಿನಿಂದ ತಲೆಯೆತ್ತಲಿಲ್ಲ.

"ಹೂಂ," ಎಂದರು.

ಲಿಫ್ಟ್ ರಿಪೇರಿಯಾತನ ಕೈಯಲ್ಲಿದ್ದ ಬಿಸ್ಕತ್ತು ಚಹದೊಳಗೆ ಮುಳುಗಿಹೋಯಿತು. ಲೈಬ್ರರಿ ಮೇಡಂ ಮೆಲ್ಲನೆ ಎದ್ದು ನಿಂತರು. "ಸಾಹೇಬರೇ, ಈಗ ಏನಂದ್ರಿ?"

"ನಾನೇನೂ ಅನ್ನಲಿಲ್ಲವಲ್ಲ."

"ಅಂದ್ರಿ. ಇನ್ನೊಂದು ಸಲ ಅನ್ನಿ."

"ಬಾಯಿ ತೆಗೀರಿ, ದೊಡ್ಡದಾಗಿ ತೆಗೀರಿ, ಹೂಂ ಅನ್ನಿ," ಎಂದರು ಡಾಕ್ಟರು, ಅಭ್ಯಾಸಬಲದಿಂದ.

ಸಾಹೇಬರಿಗೆ ಒಂದೂ ಅರ್ಥವಾಗಲಿಲ್ಲ. ಆದರೆ ಮಂಡಳಿಗೆ ಎಲ್ಲ ಅರ್ಥವಾಗಿ, ಅಧ್ಯಕ್ಷರನ್ನು ಟೇಪಿನ ಸಮೇತ ಅಲ್ಲೇ ಬಿಟ್ಟು ಹಿತ್ತಲ ಕೋಣೆಗೆ ಓಡಿತು.

ಅಲ್ಲಿ ಟೀಚರು ಕೊರಳಲ್ಲಿ ಸೀಟಿ ಹಾಕಿಕೊಂಡು, ಓಡಿಹೋಗಲು ನೋಡುತ್ತಿದ್ದ ಮಷೀನನ್ನು ಸೊಂಟದಿಂದ ಒತ್ತಿ ಹಿಡಿದುಕೊಂಡು ನಿಂತಿದ್ದರು. ಮೇಡಂ ಕ್ಯಾಸೆಟ್ಟಿನ ಖಾಲಿ ಡಬ್ಬಿ ಮುಂದೆ ಹಿಡಿದು ಹಸ್ತಾಕ್ಷರ ಕೇಳಿದರು. ಲಿಫ್ಟ್ ರಿಪೇರಿಯಾತ ನೆಲಕ್ಕೆ ಕೂತು ಮುರಿದ ಕಾಲನ್ನು ಕಣ್ತುಂಬ ನೋಡಿದ. ಎಲ್ಲರ ಹಿಂದೆ ಸಾಹೇಬರು ಬಂದು, ಒಮ್ಮೆ ಮಷೀನನ್ನೂ ಒಮ್ಮೆ ಹೆಂಡತಿಯನ್ನೂ ನೋಡಿದರು. ಮುಖ ಇಂಗು ತಿಂದ ಮಂಗನಂತಾಗಿತ್ತು.

"ನೀನೇನಾ?"

"ಅಲ್ಲ, ರೈಲ್ವೆ ಯಾರ್ಡಿನವಳು," ಎಂದರು ಟೀಚರು. ಆಮೇಲೆ ದನಿ ಸ್ವಲ್ಪ ಇಳಿಯಿತು. "ಮದುವೆ ಆಗಿಲ್ಲ ಅಂದ್ರಲ್ಲ, ಅದೊಂದು ಸರಿಯಾಗಿ ಹೇಳಿದ್ರಿ. ಇಷ್ಟು ವರ್ಷ ಈ ಮನೇಲಿ ನಾನೊಬ್ಬಳೇ ಮಾತಾಡಿಕೊಂಡಿದ್ದೆ. ಎದುರಿಗೆ ನಿಂತು ಹೇಳಿದ್ದು ಕೇಳಿಸಲಿಲ್ಲ. ಟೇಪಲ್ಲಿ ಹೇಳಿದರೆ ಅತ್ತುಬಿಟ್ರಿ."

ಸಾಹೇಬರಿಗೆ ನಿಜವಾಗಿಯೂ ನಾಚಿಕೆಯಾಯಿತು. ಯಾವುದೋ ಊರಿನ ಯಾವುದೋ ಹೆಂಗಸಿನ ಸಂಕಟವೆಂದು ಅವರು ಮರುಗಿದ್ದೆಲ್ಲ ತಮ್ಮದೇ ಮನೆಯದಾಗಿತ್ತು, ಆ ಸಂಕಟ ಕೊಟ್ಟವರೂ ತಾವೇ ಆಗಿದ್ದರು. ನೆಲ ಬಿರಿದು ನುಂಗಬಾರದೇ ಎನಿಸಿತು. ಮದುವೆಯಾದ ಮೇಲೆ ಮೊದಲ ಬಾರಿಗೆ, ಹೆಂಡತಿ ಕೇಳುವ ಮುಂಚೆಯೇ ಒಂದು ಮಾತು ಆಡಿದರು. "ನಾಳೇನೇ ಮಷೀನ್ ರಿಪೇರಿ ಮಾಡಿಸ್ತೀನಿ."

"ಬೇಡಾ!" ಎಂದು ಇಡೀ ಮಂಡಳಿ ಚೀರಿತು.

"ಈ ಕಾಲು ಸರಿಯಾದ್ರೆ ಆ 'ಟಕ್' ಹೊರಟುಹೋಗತ್ತೆ," ಎಂದು ಲಿಫ್ಟ್ ರಿಪೇರಿಯಾತ ಮಷೀನಿಗೆ ಅಡ್ಡ ನಿಂತ. "ರಿಪೇರಿ ಮಾಡೋನ ಕೈ ಕತ್ತರಿಸಬೇಕು ಅಂದವರು ನೀವೇ ಸಾಹೇಬರೇ."

"ನಮಗೂ ಎರಡನೇ ಆಲ್ಬಮ್ ಮಾಡೋದಿದೆ ಭಾವ," ಎಂದ ಭಾವಮೈದುನ. "ಅಲ್ಲೀವರೆಗೆ ಇದಕ್ಕೆ ಭಾರ ಹಾಕಿದ್ರೆ ಇನ್ನೊಂದು ಕಾಲೂ ಮುರಿಯತ್ತೆ. ಬರೀ ರೆಕಾರ್ಡಿಂಗಿಗೆ ಇಟ್ಟುಕೊಳ್ಳೋಣ."

ಎಲ್ಲರೂ ಒಪ್ಪಿದರು. ವಾಷಿಂಗ್ ಮಷೀನು ಆ ಕ್ಷಣದಿಂದ ಗೃಹಕೃತ್ಯದಿಂದ ನಿವೃತ್ತಿ ಹೊಂದಿ ಪೂರ್ಣಾವಧಿ ಕಲಾಸೇವೆಗೆ ತೊಡಗಿತು. ಸಾಹೇಬರು ಮುಂಗೈಗೆ ಸುತ್ತಿದ್ದ ಟೇಪನ್ನೇ ದಿಟ್ಟಿಸುತ್ತಾ ನಿಂತಿದ್ದರು.

"ಹಾಗಾದ್ರೆ ರೀ, ಇನ್ಮೇಲೆ ಬಟ್ಟೆ ನೀವು ಒಗೀತೀರಾ?"

"ಹೂಂ," ಎಂದುಬಿಟ್ಟರು.

ಮಂಡಳಿ ಚಪ್ಪಾಳೆ ತಟ್ಟಿತು. ಸಾಕ್ಷಿಗಳಿಗೆ ಕೊರತೆಯಿರಲಿಲ್ಲ.

ಬೋರ್ಡಿನ ಕಿವಿಯನ್ನು ಅಳಿಸುವುದು ಬೇಡವೆಂದು ಟೀಚರೇ ಕರುಣೆ ತೋರಿದರು. ಬದಲಿಗೆ ಪೇಂಟರನ್ನು ಕರೆಸಿ, ಗೂಟಕ್ಕೆ ನೇತುಹಾಕಿದ ಹಾಗೆ ಆ ಕಿವಿಗೆ ಒಂದು ಟವೆಲ್ ಬರೆಸಿದರು. ಎರಡನೇ ಆಲ್ಬಮ್ಮಿನ ಹೊದಿಕೆಗೆ ಅದರದೇ ಫೋಟೋ ಎಂದು ತೀರ್ಮಾನವಾಯಿತು.

ಕೆಲವು ಭಾನುವಾರಗಳು ಕಳೆದು ರೆಕಾರ್ಡಿಂಗ್ ಆರಂಭವಾಯಿತು. ಮಷೀನು ಕುಣಿಯಿತು, ಟೀಚರು ಶುರುಮಾಡಿದರು. ಸಾಹೇಬರು ಹಿತ್ತಲ ಕಲ್ಲಿನ ಮೇಲೆ ಜರ್ಸಿ ಕುಕ್ಕುವುದನ್ನು ನಿಲ್ಲಿಸಿ, ಸೋಪಿನ ಕೈಯಲ್ಲೇ ಬಂದು ಮೈಕಿನ ಮುಂದೆ ನಿಂತರು. ಮಹಾನ್ ಕಲಾವಿದನೆಂದು ತಾವು ಸಾರಿದ್ದು ತಮ್ಮನ್ನೇ ಎಂಬ ಹೆಮ್ಮೆ ಒಳಗೊಳಗೇ ಇತ್ತು.

"ಮಂಚದ ಮೇಲೆ ಒದ್ದೆ ಟವೆಲು..."

"ಇಲ್ಲ ಕಣೇ, ದಾರದ ಮೇಲೆ ಹಾಕಿದ್ದೀನಿ. ಕ್ಲಿಪ್ಪೂ ಸಿಕ್ಕಿಸಿದ್ದೀನಿ."

ಭಾವಮೈದುನ ಹೆಡ್‌ಫೋನ್ ತೆಗೆದ. "ಭಾವ, ಮಾತಾಡಬೇಡಿ. ಹೂಂ ಅನ್ನಿ. ಆ ಹಳೇ ಹೂಂ."

ಸಾಹೇಬರು "ಹೂಂ" ಎಂದರು. ಮತ್ತೆ ಎಂದರು. ನಿಂತು ಎಂದರು, ಕೂತು ಎಂದರು, ಮೈಯನ್ನು ಗೋಡೆಗೆ ತಿರುಗಿಸಿಕೊಂಡು ಎಂದರು. ಭಾವಮೈದುನ ಪ್ರತಿ ಸಲವೂ ತಲೆಯಾಡಿಸಿದ. "ಏನೋ ಸರಿಯಿಲ್ಲ ಭಾವ. ಅಕ್ಕ ಹೇಳಿದ್ದು ನಿಮಗೆ ಕೇಳಿಸ್ತಿದೆ ಅಂತ ಗೊತ್ತಾಗತ್ತೆ. ಆ ಖಾಲಿತನವೇ ಇಲ್ಲ."

ಟೀಚರು ಗಂಡನ ಮುಖ ನೋಡಿ ನಕ್ಕರು. ಬಹಳ ಕಾಲದ ಮೇಲೆ ಅವರು ಗಂಡನತ್ತ ನೋಡಿ ಹಾಗೆ ನಕ್ಕದ್ದು. ಆದರೆ ಕಲೆಯ ವಿಷಯದಲ್ಲಿ ದಾಕ್ಷಿಣ್ಯ ಮಾಡುವವರಲ್ಲ ಅವರು. ಹಲ್ಲಿನ ಡಾಕ್ಟರಿಗೆ ಹೇಳಿ ಕಳಿಸಿದರು. ಡಾಕ್ಟರು ಬಂದು ಮೈಕಿನ ಮುಂದೆ ಕೂತು ಪೇಪರು ಬಿಡಿಸಿದರು. ಜೊತೆಗೆ ಬಂದ ಅವರ ಹೆಂಡತಿ ಏನೋ ಕೇಳಿದರು. "ಹೂಂ," ಎಂದರು ಡಾಕ್ಟರು, ಹಾಳೆ ಮಗುಚುತ್ತಾ. ಒಂದೇ ಟೇಕಿನಲ್ಲಿ ಓಕೆ ಆಯಿತು.

ಕಿವಿ ಸಾಹೇಬರಿಗೆ ಬಟ್ಟೆ ಒಗೆಯುವುದಷ್ಟೇ ಉಳಿಯಿತು. ಅದನ್ನೂ ಈಗ ಅವರು ಹಿತ್ತಲ ಆ ತುದಿಗೆ ಹೋಗಿ, ಸದ್ದು ಮಾಡದೆ ಒಗೆಯುತ್ತಾರೆ. ಅವರು ಕುಕ್ಕುವುದರಲ್ಲಿ ತಾಳವಿಲ್ಲ ಎಂದು ಭಾವಮೈದುನ ಹೇಳಿದ್ದಾನೆ.